ತಂಗಡಿ: ಕೋಲಾರ ಸೀಮೆಯ ಕಾಡುಹೂವೊಂದರ ಹೆಸರು

ಊರ ಹೆಸರುಗಳಲ್ಲಿ ಇತಿಹಾಸವನ್ನು ಅರಸುವುದು ವಿದ್ವಾಂಸರ ಹಳೆಯ ರೂಢಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರವೆಂಬ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರುಗಳು ಈ ರೂಢಿಗೆ ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತವೆ. ಗಂಗ ಅರಸರು ತಮ್ಮನ್ನು ಕುವಳಾಲಪುರವರೇಶ್ವರರೆಂದು ಕರೆದುಕೊಂಡರು. ಆ ಕುವಳಾಲವೇ ಇಂದಿನ ಕೋಲಾರ. ಶಬ್ದ ಕಿವಿಗೆ ಬಿದ್ದೊಡನೆ ಕುವಲಯವೆಂಬ ನೈದಿಲೆ ನೆನಪಾಗುವುದು ಸಹಜವಾದರೂ ಧ್ವನಿಸಾಮ್ಯವೊಂದನ್ನೇ ನೆಚ್ಚಿ ವ್ಯುತ್ಪತ್ತಿ ಹೇಳುವುದು ತರವಲ್ಲ. ಮಾಲೂರಿಗೆ ಮಲ್ಲಿಕಾಪುರವೆಂಬ ರೂಪವನ್ನು ಹೇಳಿ ಅದನ್ನು ಮಲ್ಲಿಗೆಯ ಊರೆಂದು ವಿವರಿಸುವ ಸಂಪ್ರದಾಯವೂ ಉಂಟು. ಮುಳಬಾಗಿಲು ಮೂಡಣ ಬಾಗಿಲು. ಶ್ರೀನಿವಾಸಪುರ ಹಿಂದೆ ಪಾಪನಪಲ್ಲಿಯಾಗಿತ್ತು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕಿಟ್ಟರು. ಹೀಗೆ ತೋಟದ ಹೂವಿಗೂ ದಿಕ್ಕಿಗೂ ದಿವಾನರ ಮಗನಿಗೂ ಊರ ಹೆಸರಿನಲ್ಲಿ ಎಡೆ ದೊರೆತಿದೆ. ಈ ನಾಲ್ಕೂ ತಾಲ್ಲೂಕುಗಳ ಬೀಳುನೆಲದಲ್ಲಿ, ಕೆರೆಯೇರಿಯ ಇಳಿಜಾರಿನಲ್ಲಿ, ಹೊಲದ ಬದುವಿನಲ್ಲಿ ಯಾರೂ ನೆಡದೆ ಯಾರೂ ನೀರೆರೆಯದೆ ಹೊನ್ನಿನ ಬಣ್ಣದಲ್ಲಿ ಅರಳುವ ಹೂವಿಗೆ ಮಾತ್ರ ಆ ಭಾಗ್ಯ ಬಂದಿಲ್ಲ. ಅದು ತಂಗಡಿಯ ಹೂವು.

ತಂಗಡಿಯು ಆಳೆತ್ತರಕ್ಕೆ ಬೆಳೆಯುವ ಪೊದೆ. ಕೆಮ್ಮಣ್ಣು, ಕಲ್ಲುಭೂಮಿ, ಚೌಳುನೆಲ ಯಾವುದಾದರೂ ಅದಕ್ಕೆ ಆದೀತು. ದನಗಳು ಅದರ ಎಲೆಗೆ ಸುಲಭವಾಗಿ ಬಾಯಿ ಹಾಕವಾದ್ದರಿಂದ, ಮೇದು ಮೇದು ಬರಿದಾದ ಗೋಮಾಳದಲ್ಲಿಯೂ ಅದೊಂದು ಉಳಿದಿರುತ್ತದೆ. ಹೂವು ಐದೆಸಳಿನದು, ಕಾಯಿ ಚಪ್ಪಟೆಯಾದ, ತೆಳುವಾದ ಕಂದು ಪಟ್ಟಿ, ಒಣಗಿದಾಗ ಗಾಳಿಗೆ ಗಲಗಲ ಸದ್ದು ಮಾಡುತ್ತದೆ. ಎಲೆಯ ಬುಡದಲ್ಲಿ ಕಿವಿಯ ಹಾಲೆಯಂತಹ ಅಗಲವಾದ ಎಸಳೊಂದು ಇರುತ್ತದೆ. ಇದನ್ನು ಕಂಡೇ ೧೭೫೩ರಲ್ಲಿ ಲಿನೇಯಸನು ಗಿಡಕ್ಕೆ ಕಿವಿಯುಳ್ಳದ್ದೆಂಬ ಅರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟನು. ಆಗ ಕ್ಯಾಸಿಯ ಆರಿಕ್ಯುಲೇಟ ಎನಿಸಿದ್ದ ಅದು ಈಗ ಸಸ್ಯಶಾಸ್ತ್ರಜ್ಞರ ವರ್ಗೀಕರಣದಲ್ಲಿ ಸೆನ್ನ ಆರಿಕ್ಯುಲೇಟ ಎನಿಸಿಕೊಂಡಿದೆ. ಕುಲನಾಮ ಬದಲಾದರೂ ಕಿವಿ ಉಳಿದುಕೊಂಡಿತು.

ಕನ್ನಡದಲ್ಲಿ ಈ ಗಿಡಕ್ಕೆ ಮುಖ್ಯವಾಗಿ ಎರಡು ಹೆಸರುಗಳಿವೆ: ತಂಗಡಿ ಮತ್ತು ಆವರಿಕೆ. ತಂಗಟೆ, ತಂಗಡೆ ಎಂಬವು ಮೊದಲನೆಯದರ ಆಡುರೂಪಗಳು; ಹೊನ್ನಾವರಿಕೆ ಎಂಬುದು ಎರಡನೆಯದಕ್ಕೆ ಹೂವಿನ ಬಣ್ಣವನ್ನು ಕೂಡಿಸಿ ಮಾಡಿಕೊಂಡ ಸಮಾಸ. ಒಂದೇ ಗಿಡಕ್ಕೆ ಎರಡು ಹೆಸರಿರುವುದರಲ್ಲಿ ಅತಿಶಯವೇನೂ ಇಲ್ಲ. ಆದರೆ ಆ ಹೆಸರುಗಳ ನಂಟರು ಯಾರು ಎಂದು ನೋಡಿದರೆ ಸ್ವಾರಸ್ಯವು ತೋರುತ್ತದೆ. ತೆಲುಗಿನಲ್ಲಿ ಇದು ತಂಗೇಡು. ತಮಿಳಿನಲ್ಲಿ ಆವಿರೈ, ಆವಾರೈ, ಬಳಕೆಯ ಮಾತಿನಲ್ಲಿ ಆವಾರಂ. ತೆಲುಗು ತನ್ನದೊಂದು ಧಾತುವನ್ನೂ ತಮಿಳು ತನ್ನದೊಂದು ಧಾತುವನ್ನೂ ಹಿಡಿದುಕೊಂಡಿದ್ದರೆ, ಇವೆರಡರ ನಡುವಣ ಕನ್ನಡವು ಎರಡನ್ನೂ ತನ್ನದಾಗಿ ಇರಿಸಿಕೊಂಡಿದೆ. ಆ ಎರಡು ಭಾಷೆಗಳಿಗೂ ಗಡಿಯಾಗಿರುವ ಕೋಲಾರದ ನೆಲದಲ್ಲಿ ಮೂರು ಹೆಸರುಗಳೂ ಒಂದೇ ಸಂತೆಯಲ್ಲಿ ಕೇಳಿಬರುವುದುಂಟು. ಶ್ರೀನಿವಾಸಪುರ, ಮುಳಬಾಗಿಲುಗಳ ಮನೆಮಾತಿನಲ್ಲಿ ತಂಗೇಡು. ಕನ್ನಡದಲ್ಲಿ ಮಾತನಾಡುವಾಗ ಅದೇ ಬಾಯಲ್ಲಿ ತಂಗಡಿ.

ಇದು ನಿನ್ನೆ ಮೊನ್ನೆಯ ಬೆರಕೆಯಲ್ಲ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಆ ಸಂಪುಟದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಶಾಸನಗಳಿವೆ. ಗಂಗರ ತರುವಾಯ ಈ ಸೀಮೆ ಚೋಳರ ಕೈಸೇರಿ ನಿಗರಿಲಿ ಚೋಳಮಂಡಲವೆನಿಸಿತು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು ಇಂದಿಗೂ ಇವೆ. ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಮೂಡಣ ಮೇರೆ ಮುಳಬಾಗಿಲಿನಾಚೆಯ ನಂಗಲಿ. ಅರಸರು ಮೇರೆಗಳನ್ನು ಅತ್ತಿತ್ತ ಸರಿಸಿದರು. ಗಿಡದ ಹೆಸರನ್ನು ದನಕಾಯುವವರೂ ಸೌದೆ ಆಯುವವರೂ ಕಾಪಾಡಿಕೊಂಡು ಬಂದರು. ನಂಗಲಿಯಲ್ಲಿ ರಾಜ್ಯ ಮುಗಿಯಿತೆಂದು ತಂಗಡಿಯ ಪೊದೆ ಮುಗಿಯಲಿಲ್ಲ, ಹೆಸರೂ ಮುಗಿಯಲಿಲ್ಲ. ಕೊನೆಯ ಸ್ವರವೊಂದು ಮಾತ್ರ ಮೆಲ್ಲನೆ ಬದಲಾಯಿತು.

ಆವರಿಕೆಯ ಬಳಗ ಇನ್ನೂ ದೂರದವರೆಗೆ ಹರಡಿದೆ. ಸಂಗಂ ಸಾಹಿತ್ಯದಲ್ಲಿ ಕಪಿಲರ ಕುರಿಂಜಿಪ್ಪಾಟ್ಟು ತೊಂಬತ್ತೊಂಬತ್ತು ಹೂವುಗಳನ್ನು ಹೆಸರಿಸುವುದು ಪ್ರಸಿದ್ಧವಾಗಿದೆ. ಅವುಗಳಲ್ಲಿ ಆವಿರೈ ಒಂದು. ಒಲಿದವಳು ದೊರೆಯದೆ ಹತಾಶನಾದವನು ತಾಳೆಗರಿಯ ಕುದುರೆಯನ್ನೇರಿ ಬೀದಿಗೆ ಬರುವ ಪ್ರಸಂಗಗಳಲ್ಲಿ ಅವನು ಮುಡಿಯುವುದು ಎಕ್ಕದ ಹೂ, ಆವಿರೈ ಹೂ ಇಂಥವು. ಎಂದರೆ ಮರ್ಯಾದಸ್ಥರು ಮುಡಿಯದ ಹೂಗಳು. ಸಿಂಹಳದಲ್ಲಿ ಇದೇ ಗಿಡ ರಣವರಾ. ಆ ಭಾಷೆಯಲ್ಲಿ ರನ್ ಎಂದರೆ ಹೊನ್ನು. ಸಮುದ್ರದಾಚೆಯ ರಣವರಾ ಮತ್ತು ಈಚೆಯ ಹೊನ್ನಾವರಿಕೆ ಒಂದೇ ಎರಕದಲ್ಲಿ ಹೊಯ್ದ ಪದಗಳು. ಇವೆರಡೂ ಪರಸ್ಪರ ಕೇಳಿ ಹುಟ್ಟಿದವೆನ್ನುವುದಕ್ಕಿಂತ, ಹೂವನ್ನು ಕಂಡ ಕಣ್ಣುಗಳು ಎರಡು ಕಡೆಯೂ ಒಂದೇ ತೀರ್ಮಾನಕ್ಕೆ ಬಂದವೆನ್ನುವುದು ಯುಕ್ತವಾದೀತು.

ಊರ ಹೆಸರುಗಳಲ್ಲಿ ತಂಗಡಿಯನ್ನು ಹುಡುಕುವವರಿಗೆ ಎರಡು ಹೆಸರುಗಳು ಬೇಗ ಕಣ್ಣಿಗೆ ಬೀಳುತ್ತವೆ. ಆಂಧ್ರದ ಪಲ್ನಾಡಿನಲ್ಲಿ ಕೃಷ್ಣೆಯ ದಡದ ಮೇಲೆ ಹಳೆಯ ಕೋಟೆಯುಳ್ಳ ತಂಗೆಡ ಒಂದು. ಅದೇ ನದಿಯ ಮೇಲ್ಭಾಗದಲ್ಲಿ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಇನ್ನೊಂದು; ನೀಲಾಂಬಿಕೆಯವರ ಐಕ್ಯಸ್ಥಳವೆಂದು ಶರಣಸಂಪ್ರದಾಯಕ್ಕೆ ಅದು ಚಿರಪರಿಚಿತವಾಗಿದೆ. ಹೋಲಿಕೆ ಕಣ್ಸೆಳೆಯುವಂಥದು, ಆದರೆ ಕುವಳಾಲ–ಕುವಲಯಗಳ ವಿಷಯದಲ್ಲಿ ಹೇಳಿದ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ.

ಗಿಡದ ನಿಜವಾದ ಇತಿಹಾಸವಿರುವುದು ಊರ ಹೆಸರಿನಲ್ಲಲ್ಲ, ಅದರ ಮತ್ತೊಂದು ಹೆಸರಿನಲ್ಲಿ. ಸಂಸ್ಕೃತ ನಿಘಂಟುಗಳು ಆವರ್ತಕೀ ಎಂದು ಕರೆಯುವ ಸಸ್ಯವನ್ನು ಇದೇ ಎಂದು ಗುರುತಿಸಲಾಗಿದೆ. ಅದರ ಪರ್ಯಾಯಪದಗಳಲ್ಲಿ ಚರ್ಮರಂಗಾ ಎಂಬುದೊಂದು ಇದೆ. ತೊಗಲಿಗೆ ಬಣ್ಣ ಕೊಡುವುದು ಎಂದರ್ಥ. ವೈದ್ಯನ ಕೋಶಕ್ಕೆ ಈ ಪದ ಎಲ್ಲಿಂದ ಬಂದಿರಬೇಕು? ತೊಗಲು ಹದಮಾಡುವವರ ಗುಂಡಿಯಿಂದಲ್ಲದೆ ಬೇರೆಲ್ಲಿಂದಲೂ ಅಲ್ಲ. ಗುಂಡಿಯ ಬಳಿ ಸುಳಿಯಲೊಲ್ಲದವರೂ ಅಲ್ಲಿ ಹುಟ್ಟಿದ ಅರಿವನ್ನು ಒಂದು ಸಂಸ್ಕೃತ ಸಮಾಸವಾಗಿಸಿ ಕೋಶದಲ್ಲಿ ಇರಿಸಿಕೊಂಡರು.

ತಂಗಡಿಯ ತೊಗಟೆಯನ್ನು ಅಗಿದರೆ ನಾಲಗೆ ಒಗರಿನಿಂದ ಬಿಗಿಯುತ್ತದೆ. ಹಸಿಯ ತೊಗಲನ್ನು ಕೊಳೆಯದ ಚರ್ಮವಾಗಿ ಮಾರ್ಪಡಿಸುವುದೂ ಈ ಒಗರೇ. ಟ್ಯಾನಿನ್ ಎಂಬ ಆ ಅಂಶವು ಒಣಗಿದ ತೊಗಟೆಯ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲಿನಷ್ಟು ಇರುತ್ತದೆ. ಕಡ್ಡಿಗಳನ್ನು ಕತ್ತರಿಸಿ, ಕೊಡತಿಯಿಂದ ತಟ್ಟಿ ಸಡಿಲಿಸಿ, ತೊಗಟೆಯನ್ನು ಸುಲಿದು ಒಣಗಿಸಿ ಕುಟ್ಟುತ್ತಿದ್ದರು. ಇತ್ತ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಒಳಗಣ ಮಾಂಸದ ಪೊರೆಯನ್ನೂ ಹೆರೆದು, ಸುಣ್ಣ ಬಿಡುವವರೆಗೆ ತೊಳೆದು ತೊಗಟೆಯ ಕಷಾಯಕ್ಕೆ ಇಳಿಸಬೇಕು. ಕೆಲವೆಡೆ ತೊಗಲನ್ನೇ ಚೀಲವಾಗಿ ಹೊಲಿದು, ಅದರೊಳಗೆ ಕಷಾಯವನ್ನೂ ತೊಗಟೆಯ ಪುಡಿಯನ್ನೂ ತುಂಬಿ ಮರಕ್ಕೆ ತೂಗುಹಾಕುತ್ತಿದ್ದರು. ಒಗರು ಒಳಗಿನಿಂದ ಹೊರಕ್ಕೆ ಜಿನುಗುತ್ತ ಬರುತ್ತಿತ್ತು. ವಾರಗಟ್ಟಲೆಯ ದುಡಿಮೆ ಇದು. ನಾತವನ್ನೂ ಸುಣ್ಣದ ಉರಿಯನ್ನೂ ಸಹಿಸಿ, ಯಾವ ದಿನ ತೊಗಲನ್ನು ಮೇಲೆತ್ತಬೇಕೆಂಬುದನ್ನು ಬೆರಳಿನಿಂದಲೇ ಅರಿಯಬೇಕಾಗಿತ್ತು. ತಂಗಡಿಯ ಹದದಿಂದ ಬಂದ ಚರ್ಮ ತಿಳಿಯಾದ ಬಣ್ಣದ್ದು. ಬಿಸಿಲಿಗೆ ಬಿದ್ದರೆ ಕೆಂಪೇರುತ್ತದೆ. ಹಾಗಾಗದಂತೆ ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದುವ ಪದ್ಧತಿಯೂ ಇತ್ತು.

ಈ ಚರ್ಮ ಕೇವಲ ಮೆಟ್ಟಿಗೆ ಸಂದದ್ದಲ್ಲ. ಕೋಲಾರ ಸೀಮೆಗೆ ಸದಾ ಹರಿಯುವ ನದಿಯಿಲ್ಲ; ಇಲ್ಲಿಯ ಬೇಸಾಯ ನಿಂತದ್ದು ಕೆರೆ ಮತ್ತು ಬಾವಿಗಳ ಮೇಲೆ. ವಿದ್ಯುತ್ ಪಂಪುಗಳು ಹರಡುವ ಮುನ್ನ ಬಾವಿಯ ನೀರು ಹೊಲಕ್ಕೆ ಏರಿದ್ದು ಕಪಿಲೆಯಿಂದ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಹಿಂದುಮುಂದಾಗಿ ನಡೆದಂತೆ ನೀರನ್ನೆತ್ತಿ ಸುರಿಯುತ್ತಿದ್ದ ಚೀಲವೂ, ಅದರ ಕೆಳಗಣ ಸೊಂಡಿಲಿನಂತಹ ಕೊಳವೆಯೂ, ಎಳೆಯುವ ಮಿಣಿಯೂ ತೊಗಲಿನವು. ಬಾನಿ ಕಬ್ಬಿಣದ್ದಾದ ಮೇಲೂ ಸೊಂಡಿಲು ತೊಗಲಿನದಾಗಿಯೇ ಉಳಿಯಿತು. ದಿನವೆಲ್ಲ ನೀರಿನಲ್ಲಿ ಮುಳುಗಿ ಏಳುವ ಆ ತೊಗಲು ಕೊಳೆಯದಿರಬೇಕಾದರೆ ಹದ ಗಟ್ಟಿಯಾಗಿರಬೇಕು. ರಾಗಿಯ ಪೈರಿಗೆ ಮಳೆಯೇ ಗತಿಯಾದರೂ, ಬಾವಿಯ ಕೆಳಗಣ ಕಬ್ಬು, ತರಕಾರಿ, ವೀಳ್ಯದೆಲೆಯ ತೋಟಗಳ ಹಿಂದೆ ಬೀಳುಭೂಮಿಯ ಈ ಪೊದೆಯ ಒಗರು ಇತ್ತು. ಸಾಲದ್ದಕ್ಕೆ, ತಂಗಡಿಯ ಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡುತ್ತಿದ್ದರು. ಅದರ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು.

ಇಷ್ಟು ಕೆಲಸಕ್ಕೆ ಬಂದ ಗಿಡಕ್ಕೆ ಕಾವ್ಯದಲ್ಲಿ ದೊರೆತ ಎಡೆ ತೀರ ಕಿರಿದು. ವನವರ್ಣನೆಯೆಂದರೆ ಮಲ್ಲಿಗೆ, ಸಂಪಿಗೆ, ಸುರಗಿ, ಪಾದರಿ. ಲಿಂಗಪೂಜೆಯ ಪತ್ರಪುಷ್ಪವೆಂದರೆ ಬಿಲ್ವ, ತುಂಬೆ, ಎಕ್ಕ. ಇದು ಹೂವಿನ ಕೊರತೆಯಲ್ಲ. ತೊಗಟೆಯ ನಂಟಿನ ಫಲವಾಗಿರಬಹುದು.

ಶರಣಚರಿತೆಯನ್ನು ಬಲ್ಲವರಿಗೆ ಇಲ್ಲಿ ಮೂರು ಹೆಸರುಗಳು ನೆನಪಾಗದಿರವು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ. ಮೂವರ ಹೆಸರಿನ ಹಿಂದೆಯೂ ಕಾಯಕದ ಹೆಸರು ನಿಂತಿದೆ, ಮತ್ತು ಅದನ್ನು ಮರೆಮಾಡುವ ಯತ್ನ ನಡೆದಿಲ್ಲ. ಬಸವಣ್ಣನವರು ಚೆನ್ನಯ್ಯ ಕಕ್ಕಯ್ಯರನ್ನು ತಮ್ಮ ಹಿರಿಯರ ಸಾಲಿನಲ್ಲಿ ನಿಲ್ಲಿಸಿಕೊಂಡು ತಮ್ಮ ಕುಲವನ್ನು ಅವರಿಂದಲೇ ಹೇಳಿಕೊಂಡರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಮಗಾರನು ಚರ್ಮವನ್ನು ಹೊಲಿಯುವವನು. ಡೋಹರನು ಅದನ್ನು ಹದಮಾಡುವವನು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಪಾದರಕ್ಷೆ ಮಾಡಿದ ಕಥೆ ನಾಡಿಗೆಲ್ಲ ತಿಳಿದಿದೆ. ಕಕ್ಕಯ್ಯನವರ ಗುಂಡಿಯ, ತೊಗಟೆಯ, ಸುಣ್ಣದ ಕಥೆಯನ್ನು ಯಾರೂ ಅಷ್ಟು ವಿವರವಾಗಿ ಹೇಳಲಿಲ್ಲ. ಸಿದ್ಧವಸ್ತುವಿಗೆ ಕಥೆ ದೊರೆಯುತ್ತದೆ, ಹದಕ್ಕೆ ದೊರೆಯದು. ಉತ್ತರದ ಕರಿಮಣ್ಣಿನ ನಾಡಿನಲ್ಲಿ ಹದಕ್ಕೆ ಒದಗಿದ್ದು ಬಹುಮಟ್ಟಿಗೆ ಜಾಲಿಯ ತೊಗಟೆ. ಕೋಲಾರದಂತಹ ಕೆಮ್ಮಣ್ಣಿನ ನಾಡಿನಲ್ಲಿ ತಂಗಡಿ. ಗಿಡ ಬೇರೆ, ಕಾಯಕ ಒಂದೇ. ಪ್ರೌಢದೇವರಾಯನ ದಂಡನಾಯಕನಾಗಿ ಮುಳುವಾಗಿಲು ರಾಜ್ಯವನ್ನು ನೋಡಿಕೊಂಡ ಲಕ್ಕಣ್ಣ ದಂಡೇಶನು ಶಿವತತ್ತ್ವ ಚಿಂತಾಮಣಿಯ ಕರ್ತೃವೂ ಹೌದೆಂಬುದನ್ನು ನೆನೆದರೆ, ಈ ಮೂಡಣ ಗಡಿಗೂ ಶರಣಪರಂಪರೆಗೂ ಸಂಬಂಧ ಹೊಸದಲ್ಲವೆಂಬುದು ತಿಳಿಯುತ್ತದೆ.

ತಂಗಡಿಗೆ ಇನ್ನೊಂದು ಕಾಯಕವೂ ಇತ್ತು, ಮತ್ತು ಅದು ಬಹಳ ಮಂದಿಗೆ ಗೊತ್ತಿಲ್ಲದ್ದು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದನು, ಕೋಲಾರವನ್ನೂ ಕಂಡನು. ಆತನ ವೃತ್ತಾಂತ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಚನ್ನರಾಯನದುರ್ಗದ ಆಸುಪಾಸಿನಲ್ಲಿ ಉಕ್ಕು ಮಾಡುವ ಬಗೆಯನ್ನು ಆತ ಅದರಲ್ಲಿ ವರ್ಣಿಸಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನಿಟ್ಟು, ಅದರೊಡನೆ ಮೂರು ರೂಪಾಯಿ ತೂಕದಷ್ಟು ತಂಗಡಿಯ ಕಡ್ಡಿಯನ್ನು ಸೀಳಿ ಹಾಕಿ, ಒಂದು ಬಳ್ಳಿಯ ಎರಡು ಹಸಿರೆಲೆಗಳನ್ನು ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಊದುತ್ತಿದ್ದರು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದಲ್ಲಿ ಬೆರೆತು ಉಕ್ಕಾಗುತ್ತಿತ್ತು. ಹೊರನಾಡುಗಳಲ್ಲಿ ವೂಟ್ಸ್ ಎಂದು ಹೆಸರಾದ ಉಕ್ಕು ಇದೇ ಬಗೆಯದು. ಆ ಪದವು ಕನ್ನಡದ ಉಕ್ಕಿನಿಂದಲೇ ಬಂದಿತೆಂಬುದು ಹಲವು ವಿದ್ವಾಂಸರ ಮತ. ಬುಕಾನನ್ ಸಸ್ಯಶಾಸ್ತ್ರವನ್ನು ಬಲ್ಲವನಾಗಿದ್ದರಿಂದ ಲ್ಯಾಟಿನ್ ಹೆಸರಿನ ಜೊತೆಗೆ, ಕೆಲಸಗಾರರ ಬಾಯಿಂದ ಕೇಳಿದ ಹೆಸರನ್ನೂ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡನು. ಒಂದೇ ಪೊದೆಯ ತೊಗಟೆ ತೊಗಲನ್ನು ಗಟ್ಟಿಮಾಡಿತು, ಕಡ್ಡಿ ಕಬ್ಬಿಣವನ್ನು ಗಟ್ಟಿಮಾಡಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ತೊಗಟೆಯು ಹಳ್ಳಿಯ ಗುಂಡಿಯನ್ನು ಬಿಟ್ಟು ದೂರದ ಸಂತೆಗೆ ಹೊರಟಿತು. ಮದರಾಸು ಪ್ರಾಂತದಲ್ಲಿ ಹದಗೊಂಡ ತೊಗಲು ಈಸ್ಟ್ ಇಂಡಿಯಾ ಕಿಪ್ಸ್ ಎಂಬ ಹೆಸರಿನಿಂದ ಇಂಗ್ಲೆಂಡಿಗೆ ರಫ್ತಾಗುತ್ತಿತ್ತು. ಆ ಹದದ ಜೀವಾಳ ಆವಾರಂ ತೊಗಟೆ. ನಂದಿಯ ಕಡೆಯಲ್ಲಿ ಹುಟ್ಟಿ ಕೋಲಾರದ ಕೆರೆಗಳನ್ನು ತುಂಬಿಸುತ್ತ ಕೆಳಗಿಳಿಯುವ ಪಾಲಾರ್ ನದಿಯ ತಗ್ಗಿನಲ್ಲಿಯೇ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳೆಂಬ ಚರ್ಮೋದ್ಯಮದ ಊರುಗಳು ಬೆಳೆದವು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ರೈಲುಮಾರ್ಗ ತೆರೆದದ್ದು ೧೮೬೪ರಲ್ಲಿ; ಟೇಕಲ್ ಮಾಲೂರುಗಳು ಆ ದಾರಿಯ ಮೇಲೆಯೇ ಇವೆ. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆಯ ಕಿರು ಉತ್ಪನ್ನಗಳ ಪಟ್ಟಿಯಲ್ಲಿ ಸೀಗೆ, ಅಂಟು, ಜೇನುಗಳ ಸಾಲಿನಲ್ಲಿ ತಂಗಡಿ ತೊಗಟೆಯೂ ಸೇರಿತು. ಊರವರೆಲ್ಲರಿಗೂ ಸೇರಿದ್ದ ಬೀಳಿನ ಗಿಡ ಹೀಗೆ ಸರಕಾರದ ಆದಾಯದ ಬಾಬತ್ತಾಯಿತು. ತಂಗಡಿಯೆಂಬ ಹೆಸರು ಕಡತಕ್ಕೇರಿದ್ದು ಹೂವಾಗಿ ಅಲ್ಲ, ತೊಗಟೆಯಾಗಿ.

ಈ ಉಚ್ಛ್ರಾಯ ಬಹುಕಾಲ ನಿಲ್ಲಲಿಲ್ಲ. ೧೯೦೩ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಲವಣಗಳಿಂದ ಹದಮಾಡುವ ವಿಧಾನವನ್ನು ಬಳಕೆಗೆ ತರಲು ತೊಡಗಿದರು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಬೂಟುಗಳಿಗಾಗಿ ದಕ್ಷಿಣದ ಚರ್ಮಕ್ಕೆ ಬೇಡಿಕೆ ಏರಿ ತೊಗಟೆಯೂ ತುಟ್ಟಿಯಾಯಿತು. ಆಗ ಆಫ್ರಿಕದ ನೇಟಾಲ್‌ನಿಂದ ಹಡಗಿನಲ್ಲಿ ಬರುವ ವ್ಯಾಟಲ್ ತೊಗಟೆ ಅದರ ಜಾಗವನ್ನು ಆಕ್ರಮಿಸಿತು. ವಾರಗಟ್ಟಲೆಯ ಹದವನ್ನು ಕ್ರೋಮ್ ದಿನಗಳಿಗೆ ಇಳಿಸಿತು. ಅದರ ಬೆಲೆಯನ್ನು ತೆತ್ತದ್ದು ಪಾಲಾರ್ ನದಿ. ವೆಲ್ಲೂರು ಸೀಮೆಯ ಚರ್ಮದ ಕಾರ್ಖಾನೆಗಳ ಕೊಳೆನೀರಿನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಕೊಟ್ಟ ತೀರ್ಪು ದೇಶದ ಪರಿಸರ ನ್ಯಾಯದಲ್ಲಿ ಮೈಲಿಗಲ್ಲಾಯಿತು. ಹಳೆಯ ಗುಂಡಿಯ ನಾತವನ್ನು ಹೇಸಿದ ಕಾಲ ಅದಕ್ಕಿಂತ ಘೋರವಾದುದನ್ನು ನದಿಗೆ ಬಿಟ್ಟಿತು.

ಕೋಲಾರದ ಕಡೆ ಕಪಿಲೆ ಹೋಯಿತು, ಅದರೊಡನೆ ಸೊಂಡಿಲೂ ಮಿಣಿಯೂ ಹೋದವು. ಗೋಮಾಳಗಳೂ ಬೀಳುಗಳೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೀಲಗಿರಿಯ ತೋಪುಗಳಾದವು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ ೨೦೧೭ರಲ್ಲಿ ನಿಷೇಧಿಸುವ ವೇಳೆಗೆ ತಂಗಡಿಯ ಎಷ್ಟೋ ನೆಲೆಗಳು ಇಲ್ಲವಾಗಿದ್ದವು. ತೆಲಂಗಾಣವು ೨೦೧೪ರಲ್ಲಿ ಪ್ರತ್ಯೇಕ ರಾಜ್ಯವಾದಾಗ ತಂಗೇಡು ಹೂವನ್ನು ತನ್ನ ರಾಜ್ಯಪುಷ್ಪವೆಂದು ಆರಿಸಿಕೊಂಡಿತು. ಅಲ್ಲಿಯ ಬತುಕಮ್ಮ ಹಬ್ಬದಲ್ಲಿ ಹೆಂಗಸರು ಪೇರಿಸುವ ಹೂಗೋಪುರದಲ್ಲಿ ಅದಕ್ಕೆ ಮುಖ್ಯ ಸ್ಥಾನವಿರುವುದೇ ಇದಕ್ಕೆ ಕಾರಣ. ಇತ್ತ ಪಟ್ಟಣದ ಅಂಗಡಿಗಳಲ್ಲಿ ಮೈಕಾಂತಿಗೂ ಸಕ್ಕರೆ ಕಾಯಿಲೆಗೂ ಒಳ್ಳೆಯದೆಂದು ಈ ಹೂವಿನ ಪುಡಿ ಮಾರಾಟಕ್ಕಿದೆ. ಪೊಟ್ಟಣದ ಮೇಲಿನ ಹೆಸರು ಹೆಚ್ಚಾಗಿ ಆವಾರಂ. ಕೊಳ್ಳು‌ವವರಲ್ಲಿ ಅನೇಕರಿಗೆ ಅದು ತಮ್ಮೂರಿನ ತಂಗಡಿಯೇ ಎಂಬುದು ತಿಳಿಯದು.

ಹಬ್ಬದ ದಿನಗಳಲ್ಲಿ ಮಾತ್ರ ಹಳೆಯ ಹೆಸರು ಇನ್ನೂ ಕೇಳುತ್ತದೆ. ಸಂಕ್ರಾಂತಿಯ ಹೊತ್ತಿಗೆ ತೆಲುಗು ಮನೆಮಾತಿನವರು ಅಂಗಳದಲ್ಲಿಡುವ ಸಗಣಿಯ ಗೊಬ್ಬೆಮ್ಮಗಳಿಗೆ ಕುಂಬಳದ ಹೂವಿನೊಡನೆ ತಂಗೇಡು ಹೂವನ್ನು ಸಿಕ್ಕಿಸುವುದುಂಟು. ಬಯಲುಸೀಮೆಯ ಹಲವು ಹಳ್ಳಿಗಳಲ್ಲಿ ದೀಪಾವಳಿಯ ಸಮಯಕ್ಕೆ ಸಗಣಿಯ ಬೆನಕನನ್ನು ಮಾಡಿ, ಹುಚ್ಚೆಳ್ಳಿನ ಹೂ, ಅಣ್ಣೆಯ ಹೂ, ತಂಗಡಿಯ ಹೂಗಳಿಂದ ಸಿಂಗರಿಸಿ ಹೊಸ್ತಿಲಿನಲ್ಲಿಯೂ ಕೊಟ್ಟಿಗೆಯಲ್ಲಿಯೂ ಇಡುತ್ತಾರೆ; ತಿಪ್ಪೆಗೂ ಅದೇ ಹೂವಿನಿಂದ ಪೂಜೆ ನಡೆಯುತ್ತದೆ. ಹಿಂದಿನ ದಿನ ಸಂಜೆ ಮಕ್ಕಳು ಬುಟ್ಟಿ ಹಿಡಿದು ಹೂವು ತರಲು ಹೊರಡುವಾಗ ಮನೆಯ ಹಿರಿಯರು ಹೇಳುವುದು ತಂಗಟೆ ಹೂ ತನ್ನಿ ಎಂದೇ.